ತಂದೆಯ ಭಾರ, ತಾಯಿಯ ಎಲುಬು

ಸನತ್‌ನಗರ, ಹೈದರಾಬಾದ್
6 ಜೂನ್ 2005

ಅಣ್ಣನಿಗೆ,

ಶಾಂಭವಿಯ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ, ಅದಕ್ಕೇ ಈ ಕಾಗದ. ಫೋನ್ ಮಾಡಬಹುದಿತ್ತು. ಕಳೆದ ಸಲ ನಾವಿಬ್ಬರೂ ಡೈರಿಯ ಫೋನಿನಲ್ಲಿ ಕಿರುಚಾಡಿದ್ದನ್ನು ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ಕೇಳಿದರಂತೆ. ನಿನ್ನ ಮನೆಯವರು, ನಮ್ಮ ವೈನಿಯೇ ಹೇಳಿದರು. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ಪದ್ಮನಾಭ ಎಂಬ ಮೈಸೂರಿನವರು ನಿನ್ನ ಹತ್ತಿರ ಒಂದು ಗಂಡು ಮರಿ ಒಯ್ದಿದ್ದರು, ನೆನಪಿದೆಯಾ? ಮಾದಾಪುರದ ಸಾಫ್ಟ್‌ವೇರ್ ಕಂಪನಿಯವರು. ಮರಿಗೆ ರಾಕಿ ಎಂದು ಹೆಸರಿಟ್ಟಿದ್ದಾರೆ. ಈಗ ಅದು ನನ್ನ ಮೇಜು ಹಿಡಿಸದಷ್ಟು ದೊಡ್ಡದಾಗಿದೆ. ನಿನ್ನೆ ಅದರ ಬಾಯಿಗೆ ದುಪಟ್ಟಾ ಬಿಗಿದು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದರು. ಅವರ ಬಿಳಿ ಅಂಗಿಯ ಮುಂಭಾಗ ಪೂರ್ತಿ ರಕ್ತ. ಅದು ಅವರ ತಂದೆಯ ರಕ್ತ. ಮುದುಕರು ಸ್ನಾನ ಮಾಡಿಸಿದ ನಾಯಿಯ ಹಿಂಭಾಗವನ್ನು ಟವೆಲಿನಿಂದ ಒರೆಸುತ್ತಿದ್ದರಂತೆ. ಅದು ಗುರ್ ಎನ್ನದೆ ತಿರುಗಿ ಅವರ ಕೆನ್ನೆಯನ್ನು ಕಿತ್ತಿತು. ಹೊರಗಿನಿಂದಲೇ ದವಡೆ ಹಲ್ಲು ಕಾಣುತ್ತಿತ್ತಂತೆ. ಮಗ ಕ್ರಿಕೆಟ್ ಬ್ಯಾಟು ತೆಗೆದುಕೊಂಡು ಅದರ ಹಿಡಿ ಮುರಿಯುವ ತನಕ ನಾಯಿಯನ್ನು ಬಡಿದಿದ್ದಾರೆ. "ಡಾಕ್ಟ್ರೇ, ಇದನ್ನ ಮುಗಿಸಿಬಿಡಿ, ನನಗೆ ಮತ್ತೆ ಇದರ ಮುಖ ತೋರಿಸಬೇಡಿ" ಎಂದು ಹೇಳಿ ಆಸ್ಪತ್ರೆಗೆ ಓಡಿದರು.

ನನ್ನ ಕ್ಲಿನಿಕ್ಕಿನಲ್ಲಿ ನಾಯಿ ಹಿಡಿಯಲು ಗಂಗೂಬಾಯಿ ಎಂಬ ಬೀದರಿನ ಹೆಂಗಸು ಇದ್ದಾಳೆ. ಆಕೆ ರಾಕಿಯ ಸುತ್ತ ಒಂದು ಸುತ್ತು ಬಂದು, "ಮುಂದ ನೋಡಿದ್ರ ಹುಲಿ, ಹಿಂದ ನೋಡಿದ್ರ ಕುರಿ ಐತಲ್ಲರಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟಗಲ ಎದೆ, ಅಷ್ಟು ದಪ್ಪ ಕುತ್ತಿಗೆ, ಅದರ ಹಿಂದೆ ನಮ್ಮ ಬೇಟೆ ನಾಯಿಯ ಸಣ್ಣ ಕಾಲು. ಪಕ್ಕದ ಬೀದಿಯಲ್ಲಿ ಮನುಷ್ಯರ ಎಕ್ಸ್‌ರೇ ತೆಗೆಯುವವರ ಕೈಕಾಲು ಹಿಡಿದು, ಬೆಳಿಗ್ಗೆ ರೋಗಿಗಳು ಬರುವ ಮೊದಲು ಅದನ್ನು ಮಲಗಿಸಿ ಪಟ ತೆಗೆಸಿದೆ. ತೊಡೆಯ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಅದು ಸೊಂಟದ ಬಟ್ಟಲಿನಲ್ಲಿ ಭದ್ರವಾಗಿ ಕೂರಬೇಕು. ಇದರ ಗುಂಡು ಬಟ್ಟಲಿನಿಂದ ಅರ್ಧ ಆಚೆ ಬಂದು ಚಪ್ಪಟೆಯಾಗಿದೆ. ಎದ್ದರೆ ನೋವು, ಕೂತರೆ ನೋವು. ಅಲ್ಲಿ ಟವೆಲು ತಾಗಿದರೆ ಅದು ಇನ್ನೇನು ಮಾಡಬೇಕಿತ್ತು?

ಅಪ್ಪನ ತಳಿಯಲ್ಲಿ ಇಂಥ ಕೀಲು ನಾನು ಒಂದು ದಿನವೂ ನೋಡಿಲ್ಲ. ಅಪ್ಪನ ವರ್ಷಾಬ್ದಿಕದ ದಿನ ನಿನ್ನ ಜೊತೆ ಜಗಳ ಆಡಿದ್ದು ಇದಕ್ಕೇ. ನೀನು ಪಂಜಾಬಿನ ಲಾರಿಯವರ ಹತ್ತಿರ ಆ ಭಾರಿ ನಾಯಿ ಕೊಂಡು ತಂದು, ಫೌಜದಾರ ಎಂದು ಹೆಸರಿಟ್ಟು, ಅಪ್ಪನ ತಳಿಯ ನಮ್ಮ ಹೆಣ್ಣು ನಾಯಿ ಚಿಗರಿಯ ಮೇಲೆ ಬಿಟ್ಟೆ. ಹೈದರಾಬಾದಿನವರಿಗೆ ಬೇಟೆ ನಾಯಿ ಉಪವಾಸ ಬಿದ್ದ ಹಾಗೆ ಕಾಣುತ್ತದೆ, ಅವರಿಗೆ ಮೈಕೈ ತುಂಬಿದ ನಾಯಿ ಬೇಕು ಎಂದೆ. ಈಗ ಮೈಕೈ ತುಂಬಿದೆ. ಇನ್ನು ಮುಂದೆ ಅವರಿಬ್ಬರನ್ನು ಕೂಡಿಸಬೇಡ.

ರಾಕಿಗೆ ಔಷಧಿ ನಡೆಯುತ್ತಿದೆ. ವೈನಿಗೆ ನಮಸ್ಕಾರ ತಿಳಿಸು.

ಶಾಂಭವಿ


ಹೊಸಕೇರಿ, ಸುರಪುರ ತಾಲೂಕು
18 ಜೂನ್ 2005

ಡಾಕ್ಟರಮ್ಮನವರಿಗೆ,

ಭೀಮಾಶಂಕರನ ಆಶೀರ್ವಾದ. ನಿನ್ನ ಕಾಗದವನ್ನು ಬಾಯಿ ಮುಚ್ಚಿಕೊಂಡೇ ಓದಿದೆ. ಮುಗಿದ ಮೇಲೆ ಬಾಯಿ ತೆರೆದೆ. ಒಳಗಿದ್ದ ನಿನ್ನ ವೈನಿ ಕಿವಿ ಮುಚ್ಚಿಕೊಂಡಳು.

ಮೈಸೂರಿನವರು ನಾಯಿಗೆ ಮೊಸರನ್ನ ತಿನ್ನಿಸಿ ಸೋಫಾದ ಮೇಲೆ ಮಲಗಿಸಿದರೆ ಕೀಲು ಕೆಡದೆ ಏನಾಗುತ್ತದೆ? ನಾನು ಕೊಟ್ಟಾಗ ಮರಿ ಹೊಲದ ಬದು ಹಾರುತ್ತಿತ್ತು. ಬ್ಯಾಟಿನಿಂದ ಹೊಡೆದ ಮೇಲೆ ಪಟ ತೆಗೆಸಿದ್ದೀಯ, ಗುಂಡು ಜರುಗಿದ್ದು ಹೊಡೆತಕ್ಕೋ ಹುಟ್ಟಿಗೋ, ಆ ಪಟದಲ್ಲಿ ಬರೆದಿದೆಯೇ?

ಫೌಜದಾರನನ್ನು ನೀನು ಒಂದೇ ದಿನ ನೋಡಿದ್ದು, ಅದೂ ಸಿಟ್ಟಿನಲ್ಲಿ. ಈಗ ಬಂದು ನೋಡು. ನಮ್ಮ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಹೈದರಾಬಾದಿನವರು ಕಾರು ನಿಲ್ಲಿಸಿ ಮೊದಲು ಅವನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೆ ಎಷ್ಟು ವಿಧೇಯತೆ ಎಂದರೆ, ನಾನು ಗೂಟದಿಂದ ಸರಪಳಿ ಬಿಚ್ಚಿ ಕೈಗೆ ತೆಗೆದುಕೊಂಡರೆ ಸಾಕು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿಬಿಡುತ್ತಾನೆ. ಬಂದವರು ಬೆರಗಾಗಿ ನೋಡುತ್ತಾರೆ.

ಅಪ್ಪನ ತಳಿ ಅಪ್ಪನ ತಳಿ ಎನ್ನುತ್ತೀಯ. ಆ ತಳಿ ಹೇಗೆ ಶುದ್ಧ ಇತ್ತು ಎಂಬುದನ್ನು ಮರೆತಿದ್ದೀಯ. ಮರಿ ಹುಟ್ಟಿದ ಮೂರನೇ ದಿನ ಅಪ್ಪ ಅಂಗಳದಲ್ಲಿ ತಾಮ್ರದ ಹಂಡೆಗೆ ನೀರು ತುಂಬುತ್ತಿದ್ದರು. ಒಂದೊಂದನ್ನೇ ಕುತ್ತಿಗೆ ಹಿಡಿದೆತ್ತಿ ಕಾಲು, ಬೆನ್ನು, ಎದೆ ನೋಡಿ, ಬೇಕಾದದ್ದನ್ನು ಬುಟ್ಟಿಗೆ ಹಾಕಿ, ಬೇಡವಾದದ್ದನ್ನು ಹಂಡೆಗೆ ಹಾಕಿ ಮೇಲೆ ತಟ್ಟೆ ಮುಚ್ಚುತ್ತಿದ್ದರು. ತಟ್ಟೆ ಸ್ವಲ್ಪ ಹೊತ್ತು ಬಡಿದುಕೊಳ್ಳುತ್ತಿತ್ತು. ನಾವಿಬ್ಬರೂ ಬಣವೆಯ ಹಿಂದೆ ಕೂತು, ದೊಡ್ಡವರಾದ ಮೇಲೆ ಇದನ್ನು ಮಾತ್ರ ಮಾಡಬಾರದು ಎಂದು ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆವು. ನೀನು ಆ ಆಣೆ ಹಿಡಿದು ಡಾಕ್ಟರಾದೆ. ನಾನೂ ಅದನ್ನು ಮುರಿದಿಲ್ಲ. ನನ್ನ ಮನೆಯಲ್ಲಿ ಹುಟ್ಟಿದ ಒಂದು ಮರಿಯೂ ಹಂಡೆ ಕಂಡಿಲ್ಲ. ಹಂಡೆಯಲ್ಲಿ ಈಗ ನಿನ್ನ ವೈನಿ ಸ್ನಾನದ ನೀರು ಕಾಯಿಸುತ್ತಾಳೆ.

ಅಪ್ಪನ ಕಾಲದ ಬೇಟೆ ಈಗ ಇಲ್ಲ. ಹಂದಿ ಸೀಳಿದ ನಾಯಿಯ ಹೊಟ್ಟೆಯನ್ನು ದಬ್ಬಣದಲ್ಲಿ ಹೊಲಿದು ಮರುವಾರ ಮತ್ತೆ ಓಡಿಸುವವರೂ ಇಲ್ಲ. ಅರಣ್ಯದವರು ಒಳಗೆ ಹಾಕುತ್ತಾರೆ. ಓಡುವ ನಾಯಿ ಯಾರಿಗೂ ಬೇಡ. ಕಾವಲಿಗೆ ನಿಲ್ಲುವ ನಾಯಿ ಬೇಕು. ಜನ ಕೇಳಿದ್ದನ್ನು ನಾನು ಕೊಡುತ್ತಿದ್ದೇನೆ.

ನಿನ್ನ ವೈನಿ ದಾನೇಶ್ವರಿ ನಿನಗೆ ಶೇಂಗಾ ಚಟ್ನಿ ಕಳಿಸಬೇಕು ಎನ್ನುತ್ತಿದ್ದಾಳೆ. ಜಗಳದ ಮಧ್ಯೆ ಚಟ್ನಿ ಯಾಕೆ ಎಂದು ಕೇಳಿದೆ. ಅವಳ ಉತ್ತರವನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ನಿನ್ನ ಅಣ್ಣ


ಸನತ್‌ನಗರ
11 ಜುಲೈ 2005

ಅಣ್ಣಾ,

ಅಕ್ಷರ ವಕ್ರವಾಗಿದ್ದರೆ ಹೊಂದಿಸಿಕೊಂಡು ಓದು. ಬಲಗೈಗೆ ಸ್ವಲ್ಪ ತರಚಿದೆ, ದೊಡ್ಡದೇನಲ್ಲ.

ರಾಕಿಯ ಜೊತೆ ಹುಟ್ಟಿದ ಇನ್ನೊಂದು ಮರಿ ಇಲ್ಲೇ ಉಪ್ಪಲ್‌ನಲ್ಲಿತ್ತು. ಅದನ್ನು ಯಾರೂ ಬ್ಯಾಟಿನಿಂದ ಹೊಡೆದಿರಲಿಲ್ಲ, ಆ ಮನೆಯವರು ಅದನ್ನು ಮಗುವಿನ ಹಾಗೆ ಸಾಕಿದ್ದರು. ಬೀದಿ ನಾಯಿಯೊಂದು ಗೇಟಿನೊಳಗೆ ನುಗ್ಗಿತಂತೆ. ಇದು ಅದರ ಕುತ್ತಿಗೆಗೆ ಬಾಯಿ ಹಾಕಿ, ಅದು ಸತ್ತ ಮೇಲೂ ಬಿಡದೆ ಕೊಡವಿದೆ. ಕೊಡವುವಾಗಲೇ ಇದರ ಹಿಂಗಾಲು ಎರಡೂ ಕಳಚಿ ಕುಸಿದಿದೆ. ನಾನು ಹೋಗುವಷ್ಟರಲ್ಲಿ ಸತ್ತ ನಾಯಿಯನ್ನು ಕಚ್ಚಿಕೊಂಡೇ ಮುಂಗಾಲಿನ ಮೇಲೆ ತೆವಳುತ್ತ, ಅಂಗಳದ ಟೈಲ್ಸಿನ ತುಂಬ ರಕ್ತ ಬಳಿಯುತ್ತ ನರಳುತ್ತಿತ್ತು. ಮನೆಯವರು ಬಾಲ್ಕನಿ ಬಿಟ್ಟು ಇಳಿಯಲಿಲ್ಲ. ನಾನು ಅದರ ಹತ್ತಿರ ಹೋಗಲೇಬೇಕಿತ್ತು. ಸೂಜಿ ಚುಚ್ಚುವಾಗ ಅದು ಸತ್ತದ್ದನ್ನು ಬಿಟ್ಟು ನನ್ನನ್ನು ಹಿಡಿಯಿತು. ಔಷಧಿ ಏರಿ ದವಡೆ ಸಡಿಲವಾಗುವ ತನಕ ನಾನು ಅದರ ಕಣ್ಣು ನೋಡುತ್ತ ಕೂತಿದ್ದೆ. ನಮ್ಮ ಚಿಗರಿಯ ಕಣ್ಣು, ಅದೇ ಬಣ್ಣ.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ, ಬರೆಯುತ್ತ ಎರಡು ಹಾಳೆ ಹರಿದುಹಾಕಿದ್ದೇನೆ.

ಇದು ಫೌಜದಾರನ ಕೀಲಿನಿಂದ ಬಂದದ್ದು. ಚಿಗರಿಯ ಕಡೆಯಿಂದ ಬರುವ ಮಾತೇ ಇಲ್ಲ. ಅವಳ ಅಜ್ಜಿ ಮುತ್ತಜ್ಜಿಯರೆಲ್ಲ ಸಾಯುವ ತನಕ ಓಡಿದವರು. ಅಷ್ಟು ಭಾರದವನ ಕೀಲು ಒಳಗೇ ಸವೆದಿರುತ್ತದೆ, ತೋರಿಸಿಕೊಳ್ಳುವುದಿಲ್ಲ. ಒಂದು ದಿನ ರಾಕಿಯ ಹಾಗೆ ತಿರುಗುತ್ತಾನೆ. ಆ ದಿನ ಅವನಿಗೆ ಅನ್ನ ಹಾಕುತ್ತಿರುವವರು ವೈನಿಯಾಗಿರುತ್ತಾರೆ. ನನಗೆ ಭಯ ಅದೊಂದೇ.

ನಂಬುವುದಿಲ್ಲ ಎಂದರೆ ನೀನೇ ನೋಡು. ಮೊದಲು ಬಾಯಿ ಕಟ್ಟು. ಮಗ್ಗುಲಾಗಿ ಮಲಗಿಸು. ವೈನಿಯ ಮಾತು ಕೇಳುತ್ತಾನಲ್ಲ, ಅವರು ತಲೆ ಹಿಡಿದುಕೊಳ್ಳಲಿ. ನೀನು ಹಿಂಗಾಲನ್ನು ಹಿಡಿದು ನಿಧಾನವಾಗಿ ಹಿಂದಕ್ಕೆ, ನೇರವಾಗಿ ಎಳೆ. ಕೀಲು ಸರಿ ಇದ್ದರೆ ಸುಮ್ಮನೆ ಮಲಗಿರುತ್ತಾನೆ. ಕೂಗಿದರೆ, ಕಚ್ಚಲು ತಿರುಗಿದರೆ, ಕೆಟ್ಟಿದೆ ಎಂದೇ ಅರ್ಥ. ಹಾಗಿದ್ದರೆ ಅವನ ಜೊತೆ ಚಿಗರಿಯನ್ನು ಬಿಡಬೇಡ.

ಶಾಂಭವಿ


ಹೊಸಕೇರಿ
2 ಆಗಸ್ಟ್ 2005

ಶಾಂಭವಿ,

ನಿನ್ನ ಮೈಸೂರಿನವರು ಬಂದಿದ್ದರು. ಜೀಪು ಮಾಡಿಕೊಂಡು, ಜೊತೆಗೆ ಮೂರು ಜನರನ್ನು ಕರೆದುಕೊಂಡು. "ರಾಕಿಯ ಅಪ್ಪ ನಾಯಿನೇ ಸರಿ ಇಲ್ಲ ಅಂತ ನಿಮ್ಮ ತಂಗಿನೇ ಹೇಳಿದ್ದಾರೆ, ಗೊತ್ತಿದ್ದೂ ಮಾರಿದ್ದೀರಿ" ಎಂದರು. ಅವರ ತಂದೆಗೆ ಈಗಲೂ ಅಗಿಯಲು ಆಗುವುದಿಲ್ಲ, ಗಂಜಿ ಕುಡಿಸುತ್ತಾರಂತೆ. ನನಗೆ ನಿಜಕ್ಕೂ ಕೆಡುಕೆನಿಸಿತು, ಕೂಡ್ರಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಪಾಳಕ್ಕೆ ಬಿತ್ತು. ಆಮೇಲೆ ನೆಲಕ್ಕೆ ಕೆಡವಿ ಬೂಟಿನಲ್ಲಿ ಪಕ್ಕೆಗೆ ಒದ್ದರು. ಊರ ಬಾಗಿಲ ಅಗಸಿಯಲ್ಲಿ ಕೂತ ಜನ ಎದ್ದು ಬಂದು ನೋಡಿದರೇ ಹೊರತು ಬಿಡಿಸಲಿಲ್ಲ. ನಿನ್ನ ವೈನಿ ಒನಕೆ ತೆಗೆದುಕೊಂಡು ಓಡಿ ಬಂದಳು. ಅವಳನ್ನು ಒಬ್ಬ ದಬ್ಬಿದ.

ಅದನ್ನು ಫೌಜದಾರ ನೋಡಿದ. ಗೂಟವನ್ನೇ ಕಿತ್ತುಕೊಂಡು ಬಂದ. ದಬ್ಬಿದವನ ತೊಡೆಗೆ ಬಾಯಿ ಹಾಕಿ ಅವನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಎಳೆದ. ಮಾಂಸ ಬಾಯಲ್ಲಿ ಬಂತು. ಉಳಿದವರು ಜೀಪು ಹತ್ತಿದರು. ನಾನು ಸರಪಳಿ ಬೀಸದಿದ್ದರೆ ಆ ಮನುಷ್ಯ ಬದುಕುತ್ತಿರಲಿಲ್ಲ. ಕೀಲು ಕೆಟ್ಟ ನಾಯಿ ಗೂಟ ಕಿತ್ತುಕೊಂಡು ಓಡುತ್ತದೆಯೇ, ನಿನ್ನ ಕಾಲೇಜಿನಲ್ಲಿ ಕೇಳಿ ತಿಳಿಸು.

ಈಗ ಪೊಲೀಸರು ಬಂದು ಹೋಗಿದ್ದಾರೆ. ಊರಿನವರು ನಾಯಿಯನ್ನು ಕೊಲ್ಲು, ಇಲ್ಲವೇ ಊರು ಬಿಡು ಎನ್ನುತ್ತಿದ್ದಾರೆ. ನನಗೆ ಉಸಿರು ಎಳೆದರೆ ಪಕ್ಕೆ ಚುಚ್ಚುತ್ತದೆ. ಒಡಹುಟ್ಟಿದವಳು ಪರವೂರಿನವನ ಮುಂದೆ ನನ್ನನ್ನು ಮೋಸಗಾರ ಮಾಡಿದಳು ಎಂಬುದು ಅದಕ್ಕಿಂತ ಹೆಚ್ಚು ಚುಚ್ಚುತ್ತದೆ.

ಕಾಲು ಎಳೆದು ನೋಡುವ ನಿನ್ನ ಪರೀಕ್ಷೆ ನಾನು ಮಾಡುವುದಿಲ್ಲ. ಚಿಗರಿಯ ವಿಷಯಕ್ಕೂ ತಡವಾಯಿತು. ನಿನ್ನ ಎರಡನೇ ಕಾಗದ ಬರುವ ಮೊದಲೇ ಅವಳು ಗಬ್ಬವಾಗಿದ್ದಾಳೆ.

ಭೀಮಾಶಂಕರ


ಸನತ್‌ನಗರ
11 ಆಗಸ್ಟ್ 2005

ಅಣ್ಣಾ,

ನಿನ್ನನ್ನು ಹೊಡೆದರು ಎಂದು ಓದಿ ನಾನು ಕ್ಲಿನಿಕ್ಕಿನ ಶಟರ್ ಎಳೆದುಕೊಂಡು ಅತ್ತೆ. ಪದ್ಮನಾಭರ ಆಫೀಸಿಗೇ ಹೋಗಿ, ಗಾಜಿನ ಬಾಗಿಲ ಹತ್ತಿರ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ನಿಂತವರೆಲ್ಲ ಕೇಳುವ ಹಾಗೆ ಬೈದು ಬಂದೆ. ನಾನು ಅವರಿಗೆ ಹೇಳಿದ್ದು, ತಂದೆ ನಾಯಿಯ ಕೀಲಿನಲ್ಲಿ ದೋಷ ಇರಬೇಕು ಎಂದು, ಅಷ್ಟೇ. ನೀನು ಗೊತ್ತಿದ್ದು ಮಾರಿದೆ ಎಂದು ನಾನು ಯಾರಿಗೂ ಹೇಳಿಲ್ಲ. ನನ್ನ ಅಣ್ಣ ಮೊಂಡ, ಮೋಸಗಾರ ಅಲ್ಲ.

ಆದರೆ ಫೌಜದಾರ ಒಬ್ಬನ ತೊಡೆಯ ಮಾಂಸ ಕಿತ್ತ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಅದನ್ನು ಓದಿ ನನ್ನ ಭಯ ಹೆಚ್ಚಾಯಿತು. ಸಿಟ್ಟಿನ ಭರದಲ್ಲಿ ನೋವು ಗೊತ್ತಾಗುವುದಿಲ್ಲ, ಉಪ್ಪಲ್‌ನ ನಾಯಿಯೂ ಕಾಲು ಕಳಚುವ ತನಕ ಹೋರಾಡಿತು. ನೀನು ಅವನ ಧೈರ್ಯ ನೋಡುತ್ತೀಯ, ನಾನು ಅವನ ಸೊಂಟ ನೋಡುತ್ತೇನೆ. ಒಮ್ಮೆ ಪರೀಕ್ಷೆ ಮಾಡು. ವೈನಿಯ ಸಲುವಾಗಿ ಮಾಡು. ಸುಮ್ಮನೆ ಮಲಗಿದನೆಂದರೆ ನಾನು ಬಂದು ಊರಿನ ಅಗಸಿಯಲ್ಲಿ ನಿಂತು ತಪ್ಪಾಯಿತು ಎನ್ನುತ್ತೇನೆ.

ನಾನೇ ಬರುತ್ತಿದ್ದೆ. ಇಲ್ಲಿ ಕೆಲಸ ಬಿಟ್ಟು ಬರಲಾಗುತ್ತಿಲ್ಲ.

ಶಾಂಭವಿ


ಹೊಸಕೇರಿ
3 ಸೆಪ್ಟೆಂಬರ್ 2005

ಶಾಂಭವಿ,

ಫೌಜದಾರ ಇಲ್ಲ. ನಾನೇ ಕೊಂದೆ.

ನೀನು ಬರೆದ ಹಾಗೆಯೇ ಮಾಡಿದೆ, ಒಂದನ್ನು ಬಿಟ್ಟು. ಬಾಯಿ ಕಟ್ಟಲಿಲ್ಲ. ನನ್ನ ನಾಯಿಯನ್ನು ಮುಟ್ಟಲು ನಾನೇ ಅದರ ಬಾಯಿ ಕಟ್ಟಬೇಕೇ ಎನಿಸಿತು. ಬೇವಿನ ಗಿಡದ ಕೆಳಗೆ ಮಗ್ಗುಲಾಗಿ ಮಲಗಿಸಿದೆ. ದಾನೇಶ್ವರಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿ ತಿಕ್ಕುತ್ತಿದ್ದಳು. ಅವನು ಕಣ್ಣು ಮುಚ್ಚಿದ್ದ. ನಾನು ಹಿಂದೆ ಹೋಗಿ ಕೂತೆ. ಸರಪಳಿ ನನ್ನ ಹೆಗಲ ಮೇಲಿತ್ತು. ಬಗ್ಗಿದಾಗ ಅದು ಸದ್ದು ಮಾಡಿತು. ಅವನು ಕಣ್ಣು ತೆರೆದ.

"ಸರಪಳಿ ದೂರ ಇಟ್ಟು ಬರ್ರಿ ಮೊದಲ" ಎಂದಳು ದಾನೇಶ್ವರಿ. ನಾನು ಸುಮ್ಮನಿರು ಎಂದು ಗದರಿದೆ. ಕಾಲು ಹಿಡಿದೆ, ಹಿಂದಕ್ಕೆ ಎಳೆದೆ. ನಿಧಾನವಾಗಿ ಎಂದು ನೀನು ಬರೆದಿದ್ದೆ. ನಾನು ನಿಧಾನವಾಗಿ ಎಳೆದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಅವನು ಕೂಗಿ ತಿರುಗಿದ. ನಡುವೆ ಅವಳ ಕೈ ಇತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು. ಹೆಬ್ಬೆರಳು ಬರೀ ಚರ್ಮಕ್ಕೆ ಜೋತಾಡುತ್ತಿತ್ತು.

ಅವನು ಕೂಡಲೇ ಬಿಟ್ಟ. ಬಿಟ್ಟು, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದ. ಅದನ್ನು ನಾನು ನೋಡಿದೆ, ಆದರೂ ಕೈ ನಿಲ್ಲಲಿಲ್ಲ. ಕೂಗಿದರೆ ಕೆಟ್ಟಿದೆ, ತಿರುಗಿದರೆ ಕೆಟ್ಟಿದೆ ಎಂದು ನಿನ್ನ ಮಾತೇ ತಲೆಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡೆ. ಮೊದಲ ಏಟು ಬೆನ್ನಿಗೆ ಬಿತ್ತು. ಅವನು ಓಡಲಿಲ್ಲ, ಎದುರು ಬೀಳಲಿಲ್ಲ. ಗೂಟ ಕಿತ್ತು ಬಂದವನು ಅವತ್ತು ಮಲಗಿದಲ್ಲೇ ತೆವಳಿ ನನ್ನ ಕಾಲ ಹತ್ತಿರ ಬಂದ. ಆಮೇಲೆ ತಲೆಗೆ ಹೊಡೆದೆ. ತಲೆ ಗಟ್ಟಿ ಇತ್ತು. ತುಂಬ ಸಲ ಹೊಡೆಯಬೇಕಾಯಿತು. ನಡುವೆ ಒಮ್ಮೆ ದಾನೇಶ್ವರಿ ರಕ್ತದ ಕೈಯಲ್ಲೇ ನನ್ನ ತೋಳು ಜಗ್ಗಿದಳು. ಅವಳನ್ನೂ ದಬ್ಬಿದೆ.

ಅವಳನ್ನು ಕಲಬುರಗಿಯ ದವಾಖಾನೆಗೆ ಸೇರಿಸಿ ಮರುದಿನ ಊರಿಗೆ ಬಂದೆ. ಹೂಳುವ ಮೊದಲು ನನಗೆ ಆ ಗುಂಡು ನೋಡಬೇಕಿತ್ತು. ಅಪ್ಪನ ಜೊತೆ ಎಷ್ಟು ಹಂದಿ ಕೊಯ್ದಿದ್ದೇನೆ, ಕೀಲು ಬಿಡಿಸುವುದು ನನಗೆ ಹೊಸದಲ್ಲ. ಚರ್ಮ ಸುಲಿದೆ, ಮಾಂಸ ಬಿಡಿಸಿದೆ, ತೊಡೆ ಹಿಡಿದು ಹೊರಳಿಸಿದೆ. ಬರಲಿಲ್ಲ. ಬಟ್ಟಲು ಅಷ್ಟು ಬಿಗಿಯಾಗಿ ಹಿಡಿದಿತ್ತು. ಕುಡಗೋಲಿನ ತುದಿ ಹಾಕಿ ಮೀಟಿದ ಮೇಲೆ ಚಪ್ಪರಿಸಿದ ಹಾಗೆ ಸದ್ದು ಮಾಡಿ ಹೊರಗೆ ಬಂತು. ಬೆಳ್ಳಗೆ, ನುಣ್ಣಗೆ, ಒರಳು ಗುಂಡಿನ ಹಾಗೆ ದುಂಡಗಿತ್ತು. ಒಂದು ಗೆರೆಯಷ್ಟೂ ಸವೆದಿರಲಿಲ್ಲ. ಇನ್ನೊಂದು ಮಗ್ಗುಲನ್ನೂ ಬಿಚ್ಚಿದೆ. ಅದೂ ಹಾಗೆಯೇ ಇತ್ತು.

ಸುಲಿದ ಚರ್ಮ ತಿರುಗಿಸಿ ನೋಡಿದೆ. ಸೊಂಟದ ಕೆಳಗೆ, ನಾನು ಕಾಲು ಹಿಡಿದ ಜಾಗದಲ್ಲಿ, ಕೂದಲಿನ ಅಡಿಯಲ್ಲಿ ಸರಪಳಿಯ ಬಾಸುಂಡೆ ಇತ್ತು. ಹಳೆಯವು ಒಣಗಿದ್ದವು. ಜೀಪಿನವರು ಬಂದ ದಿನ ಬೀಸಿದ್ದು ಇನ್ನೂ ಒಳಗೆ ಹಸಿಯಾಗಿ ಕೀವು ಕಟ್ಟಿತ್ತು.

ದಾನೇಶ್ವರಿಯ ಹೆಬ್ಬೆರಳು ಉಳಿಯಲಿಲ್ಲ. ಮಂಚದ ಮೇಲೆ ಮಲಗಿಕೊಂಡು ನನಗೆ ಒಂದೇ ಮಾತು ಹೇಳಿದಳು: "ಅದಕ್ಕ ಕಾಲು ನೋಯ್ತಿರಲಿಲ್ಲರಿ. ಅದು ನಿಮಗ ಅಂಜಿತ್ತು."

ಹಾಗಾದರೆ ಯಾರ ಕೀಲು ಕೆಟ್ಟಿತ್ತು? ಅವನದು ಸರಿ ಇತ್ತು. ಚಿಗರಿಯದು ಸರಿ ಇದೆ, ಗಬ್ಬದಲ್ಲೂ ಬೇಲಿ ಹಾರುತ್ತಾಳೆ. ಕೆಟ್ಟ ಮರಿಗಳು ಎಲ್ಲಿಂದ ಬಂದವು? ಅವಳು ಈ ವಾರ ಈಯುತ್ತಾಳೆ. ಹುಟ್ಟುವ ಮರಿಗಳನ್ನು ನಾನು ಏನು ಮಾಡಬೇಕು? ಬೇಗ ಬರೆ.

ಭೀಮಾಶಂಕರ


ಹೈದರಾಬಾದ್
8 ಸೆಪ್ಟೆಂಬರ್ 2005

ಅಣ್ಣಾ,

ಇದನ್ನು ಗಂಗೂಬಾಯಿಯ ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಾನು ಆಸ್ಪತ್ರೆಯಲ್ಲಿದ್ದೇನೆ. ತರಚಿದ್ದು ಎಂದು ಬರೆದಿದ್ದೆನಲ್ಲ, ಅದು ತರಚಿದ್ದಲ್ಲ. ಉಪ್ಪಲ್‌ನ ನಾಯಿ ಮೊಣಕೈವರೆಗೆ ಸೀಳಿತ್ತು. ಕೀವು ಎಲುಬಿಗೆ ಇಳಿದಿದೆ, ನಾಳೆ ಮತ್ತೊಮ್ಮೆ ಕೊಯ್ಯುತ್ತಾರೆ. ಕೆಲಸ ಬಿಟ್ಟು ಬರಲಾಗುವುದಿಲ್ಲ ಎಂದದ್ದು ಸುಳ್ಳು. ರಾಕಿಗೆ ಔಷಧಿ ನಡೆಯುತ್ತಿದೆ ಎಂದದ್ದೂ ಸುಳ್ಳು. ಅದನ್ನು ನಾನು ಅದೇ ವಾರ ಮಲಗಿಸಿದೆ. ನಿನ್ನ ಮರಿಯನ್ನು ಕೊಂದೆ ಎಂದರೆ ನೀನು ಕಾಗದ ಓದುವುದನ್ನೇ ಬಿಡುತ್ತೀಯ ಎಂದು ಹೆದರಿದೆ.

ನೀನೂ ಒಂದು ಮುಚ್ಚಿಟ್ಟೆ. ವಿಧೇಯ ಎಂದು ಬರೆದೆ, ಹೊಡೆಯುತ್ತೇನೆ ಎಂದು ಬರೆಯಲಿಲ್ಲ. ಹೊಡೆತ ತಿಂದ ನಾಯಿಯನ್ನು ಹೊಡೆದವನ ಕೈಯಲ್ಲೇ ಪರೀಕ್ಷೆ ಮಾಡಿಸಬಾರದು. ಸರಪಳಿ ಕಂಡರೆ ನೆಲಕ್ಕೆ ಮಲಗುತ್ತಾನೆ ಎಂದಾಗಲೇ ನನಗೆ ಹೊಳೆಯಬೇಕಿತ್ತು. ಓದಿದ್ದೇನೆ ಎಂಬ ಸೊಕ್ಕಿನಲ್ಲಿ, ನಾನು ಮುಟ್ಟದ ನಾಯಿಯ ಮೇಲೆ ಇಲ್ಲಿ ಕೂತು ತೀರ್ಪು ಕೊಟ್ಟೆ. ವೈನಿಯನ್ನು ತಲೆ ಹಿಡಿಯಲು ಕೂರಿಸಿದವಳೂ ನಾನೇ. ಅವರ ಮುಖ ಹೇಗೆ ನೋಡಲಿ?

ಯಾರ ಕೀಲು ಕೆಟ್ಟಿತ್ತು ಎಂದು ಕೇಳಿದ್ದೀಯ. ಯಾರದೂ ಕೆಟ್ಟಿರಲಿಲ್ಲ. ಫೌಜದಾರನ ಭಾರಕ್ಕೆ ಅವನ ದಪ್ಪ ಎಲುಬು ಸರಿ ಇತ್ತು. ಚಿಗರಿಯ ಸಣ್ಣ ಎಲುಬಿಗೆ ಅವಳ ಹಗುರ ಮೈ ಸರಿ ಇದೆ. ಮರಿಗಳಿಗೆ ತಂದೆಯ ಭಾರ ಬಂತು, ತಾಯಿಯ ಎಲುಬು ಬಂತು. ಅದರ ಮೇಲೆ ಇಲ್ಲಿಯವರು ದಿನವೂ ಮೊಟ್ಟೆ, ಮಾಂಸ ತಿನ್ನಿಸಿ, ಎಲುಬು ಬಲಿಯುವ ಮೊದಲೇ ಮೈ ಬೆಳೆಸಿದರು. ಬೇರೆ ಕಾರಣವೇ ಇಲ್ಲ ಎಂದು ಈಗ ನಾನು ಆಣೆ ಇಡುವುದಿಲ್ಲ, ಆಣೆ ಇಟ್ಟದ್ದು ಸಾಕು. ಆದರೆ ನಾವಿಬ್ಬರೂ ಒಂದೊಂದು ನಾಯಿಯನ್ನು ಹಿಡಿದುಕೊಂಡು ಜಗಳ ಆಡಿದೆವು. ಎರಡು ಮೈ ಸೇರಿದರೆ ಏನಾಗುತ್ತದೆ ಎಂದು ನೋಡಲಿಲ್ಲ.

ಮರಿಗಳನ್ನು ಏನೂ ಮಾಡಬೇಡ. ಅವುಗಳನ್ನು ತೆಳ್ಳಗೆ ಸಾಕು. ಅಪ್ಪ ಬೇಟೆ ಮರಿಗಳನ್ನು ಸಾಕುತ್ತಿದ್ದ ಹಾಗೆ, ಜೋಳದ ಗಂಜಿ, ಮಜ್ಜಿಗೆ, ವಾರಕ್ಕೊಮ್ಮೆ ಮಾಂಸ. ಪಕ್ಕೆಲುಬು ಕಾಣುತ್ತಿರಲಿ, ನೋಡಿದವರು ನಗಲಿ. ಒಂದು ವರ್ಷ ಮೈ ಏರಲು ಬಿಡದಿದ್ದರೆ ಕೀಲಿಗೆ ಬಲಿಯಲು ಹೊತ್ತು ಸಿಗುತ್ತದೆ. ಎಲ್ಲವೂ ಉಳಿಯುತ್ತವೆ ಎನ್ನಲಾರೆ. ಹೆಚ್ಚಿನವು ನೋವಿಲ್ಲದೆ ಬದುಕಬಹುದು. ಯಾರಿಗೂ ಕೊಡಬೇಡ, ನಮ್ಮಲ್ಲೇ ಇರಲಿ.

ಡೈರಿಗೆ ಫೋನ್ ಮಾಡಿಸಿದೆ. ಭೀಮಾಶಂಕರ ಫೋನಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ ಎಂದರು. ಈ ಕಾಗದವನ್ನಾದರೂ ಓದು. ಕೈಯ ಕಟ್ಟು ಬಿಚ್ಚಿದ ಕೂಡಲೇ ಬರುತ್ತೇನೆ.

ನಿನ್ನ ತಂಗಿ ಶಾಂಭವಿ


ಹೊಸಕೇರಿ
14 ಸೆಪ್ಟೆಂಬರ್ 2005

ಶಾಂಭವಿ,

ನಿನ್ನ ಕಾಗದ ಸೋಮವಾರ ಬಂತು. ಚಿಗರಿ ಅದಕ್ಕೂ ಮೊದಲು, ಗುರುವಾರ ಈದಳು. ಒಂಬತ್ತು ಮರಿ. ಶನಿವಾರ ಮೂರನೇ ದಿನವಾಗಿತ್ತು.

ಡೈರಿಗೆ ನಾನು ಹೋಗಲಿಲ್ಲ. ನಿನ್ನ ದನಿ ಕೇಳಿದರೆ ಬೈಯುತ್ತೇನೋ ಅಳುತ್ತೇನೋ ಗೊತ್ತಿರಲಿಲ್ಲ. ಊರಿನವರೆಲ್ಲ ಅಲ್ಲೇ ನಿಂತಿರುತ್ತಾರೆ.

ಹಂಡೆಯನ್ನು ಒಲೆಯಿಂದ ಇಳಿಸಿ, ಮಸಿ ತೊಳೆದು, ಅಂಗಳದಲ್ಲಿಟ್ಟು ನೀರು ತುಂಬಿದೆ. ಒಂದೊಂದನ್ನೇ ಅಪ್ಪನ ಹಾಗೆ ಕುತ್ತಿಗೆ ಹಿಡಿದೆತ್ತಿ ಕಾಲು ನೋಡಿದೆ, ಬೆನ್ನು ನೋಡಿದೆ, ಎದೆ ನೋಡಿದೆ. ಅಪ್ಪನಿಗೆ ಯಾವುದು ಉಳಿಯಬೇಕು ಎಂದು ಗೊತ್ತಾಗುತ್ತಿತ್ತು. ನನಗೆ ಒಂದೂ ಗೊತ್ತಾಗಲಿಲ್ಲ. ಎಲ್ಲವೂ ದಪ್ಪ ತಲೆಯವು, ಸಣ್ಣ ಕಾಲಿನವು. ಇವು ಬೆಳೆದು ಯಾರ ಕೆನ್ನೆ ಕೀಳುತ್ತವೆ, ಯಾರ ಕೈ ಮುರಿಯುತ್ತವೆ, ಯಾವ ಅಂಗಳದಲ್ಲಿ ತೆವಳುತ್ತವೆ ಎಂಬುದೇ ಕಣ್ಣ ಮುಂದೆ ಬರುತ್ತಿತ್ತು. ಬುಟ್ಟಿ ಖಾಲಿಯೇ ಉಳಿಯಿತು. ತಟ್ಟೆ ಮುಚ್ಚಿ ಅದರ ಮೇಲೆ ನಾನೇ ಕೂತೆ. ಕೆಳಗೆ ಬಡಿದುಕೊಳ್ಳುವುದು ನಿಲ್ಲುವ ತನಕ ಎದ್ದೇಳಲಿಲ್ಲ. ಬಣವೆಯ ಕಡೆ ನೋಡಲಿಲ್ಲ.

ಹಾಗೆ ಎಂಟು ಹಾಕಿದ್ದೆ. ಚಿಗರಿಯ ಹತ್ತಿರ ಉಳಿದಿದ್ದ ಒಂಬತ್ತನೆಯದಕ್ಕೆ ಕೈ ಹಾಕುವಾಗ ದಾನೇಶ್ವರಿ ದವಾಖಾನೆಯಿಂದ ಬಂದಳು, ಅವಳ ತಮ್ಮ ಕರೆದುಕೊಂಡು ಬಂದಿದ್ದ. ನೋಡಿದಳು. ಮರಿಯನ್ನು ಎಡಗೈಯಲ್ಲಿ ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. "ಇದು ಬೇಕಂದ್ರ ನನ್ನ ಈ ಕೈನೂ ತಗೋರಿ" ಎಂದಳು.

ಚಿಗರಿ ಎರಡು ದಿನ ಹಂಡೆಯ ಸುತ್ತ ತಿರುಗಿ ನೆಲ ಕೆರೆದಳು. ಹಂಡೆಯನ್ನು ಕೊಡಲಿಯಲ್ಲಿ ಒಡೆದು ಹಾಕಿದೆ. ಸೋಮವಾರ ನಿನ್ನ ಕಾಗದ ಓದಿದೆ. ತೆಳ್ಳಗೆ ಸಾಕು ಎಂದು ಬರೆದ ಸಾಲನ್ನು ದಾನೇಶ್ವರಿ ಮತ್ತೆ ಮತ್ತೆ ಓದಿಸಿದಳು. ಜೋಳದ ಗಂಜಿ ಅಪ್ಪ ಮಾಡುತ್ತಿದ್ದ ಹದ ನನಗೆ ಗೊತ್ತಿದೆ, ಅವಳಿಗೆ ಹೇಳಿಕೊಟ್ಟಿದ್ದೇನೆ. ನನ್ನನ್ನು ಅವಳು ಮರಿಯ ಹತ್ತಿರ ಬಿಡುವುದಿಲ್ಲ. ನಾನೂ ಹೋಗುವುದಿಲ್ಲ.

ನಿನ್ನೆ ಅವಳು ನೀರಿಗೆ ಹೋದಾಗ ಮರಿ ಹೊಸಿಲಿನ ತನಕ ತೆವಳಿ ಬಂದು ಕುಂಯ್‌ಗುಟ್ಟಿತು. ನೆಲ ತಣ್ಣಗಿತ್ತು. ಎತ್ತಿ ಒಳಗಿಡೋಣ ಎಂದು ಕೈ ಚಾಚಿದೆ. ಅದರ ಕಣ್ಣು ಇನ್ನೂ ತೆರೆದಿಲ್ಲ. ನನ್ನ ಬೆರಳನ್ನು ತಾಯಿಯ ಮೊಲೆ ಎಂದುಕೊಂಡು ಚೀಪತೊಡಗಿತು. ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ.

ಅದು ಕಣ್ಣು ತೆರೆಯುವ ಮೊದಲು ಬಾ.

ಭೀಮಾಶಂಕರ